ಕಂಡೆನ್ಸರ್ ಸಾಹೇಬರಿಗೊಂದು ಬಹಿರಂಗ ಪತ್ರ

ಗೆ,
ಶ್ರೀಮಾನ್ ಕಂಡೆನ್ಸರ್ ಅವರು,
ಡಿಸ್ಟ್ರಿಬ್ಯೂಟರ್ ಆಶ್ರಯ, ಬಾನೆಟ್ ಕೆಳಗೆ,
ಪ್ರೀಮಿಯರ್ ಪದ್ಮಿನಿ, 1984ರ ಮಾಡೆಲ್.

ಮಾನ್ಯರೇ,

ವಿಷಯ: ಶಿರಾಡಿ ಘಾಟಿಯಲ್ಲಿ ನನ್ನನ್ನು ಸಕುಟುಂಬ ಕೈಬಿಟ್ಟ ಬಗ್ಗೆ.
ಉಲ್ಲೇಖ: ನಾಲ್ವರು ಮೆಕ್ಯಾನಿಕ್‌ಗಳ ಏಳು ಬಿಲ್ಲುಗಳು ಮತ್ತು ಒಂದು ಒದ್ದೆ ಬೈರಾಸು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ... ಕ್ಷಮಿಸಿ, ಮೂವತ್ತು ವರ್ಷ ಕಚೇರಿಯಲ್ಲಿ ಇದೇ ಧಾಟಿಯಲ್ಲಿ ಬರೆದ ಕೈ, ಪೆನ್ನು ಹಿಡಿದರೆ ತಾನಾಗಿಯೇ ಹೀಗೆ ಓಡುತ್ತದೆ. ಆದರೆ ನಿಮಗೆ ಬರೆಯುವಾಗ ಈ ಧಾಟಿ ತಪ್ಪೂ ಅಲ್ಲ. ಕಚೇರಿಯಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ: ಕಡತ ನಿಂತಿದೆ ಎಂದರೆ ಸಾಹೇಬರ ಕೋಣೆಗೆ ನುಗ್ಗಬಾರದು, ಅದು ಯಾರ ಮೇಜಿನ ಯಾವ ಡ್ರಾಯರಿನಲ್ಲಿ ಮಲಗಿದೆ ಎಂದು ಹುಡುಕಬೇಕು. ಅಷ್ಟು ಗೊತ್ತಿದ್ದವನು ನನ್ನ ಸ್ವಂತ ಕಾರಿನ ವಿಷಯದಲ್ಲಿ ಐದು ತಿಂಗಳು ಸಾಹೇಬರ ಕೋಣೆಗಳಿಗೇ ಸುತ್ತಿದೆ. ಆ ಸಿಟ್ಟೇ ಈ ಪತ್ರ.

ಓದುಗರಿಗೆ ನಿಮ್ಮ ಪರಿಚಯ ಇರಲಾರದು. ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ತಗಡಿನ ಡಬ್ಬಿ ನೀವು. ಮೈಗೆ ಸ್ಕ್ರೂ ಹಾಕಲು ಒಂದು ಕಿವಿ, ತಲೆಯಿಂದ ಇಲಿಬಾಲದಂಥ ಒಂದು ವೈರು. ನಿಮ್ಮ ಪೂರ್ವಾಧಿಕಾರಿಯೊಬ್ಬರನ್ನು ನಾನು ಕಟಿಂಗ್ ಪ್ಲೇಯರ್ ಹಿಡಿದು ಸೀಳಿ ನೋಡಿದ್ದೇನೆ. ಒಳಗೆ ಸಿಕ್ಕಿದ್ದು ಎರಡು ಪಟ್ಟಿ ಅಲ್ಯುಮಿನಿಯಂ ಹಾಳೆ, ನಡುವೆ ಕಾಗದ, ಎಲ್ಲ ಸೇರಿಸಿ ಚಾಪೆ ಸುತ್ತಿದ ಹಾಗೆ ಸುತ್ತಿದ ಒಂದು ಸುರುಳಿ. ಅಷ್ಟೇ. ಚಲಿಸುವ ಭಾಗ ಒಂದೂ ಇಲ್ಲ. ಇಡೀ ಕಾರಿನಲ್ಲಿ ನಿಮಗಿಂತ ಅಗ್ಗದ ವಸ್ತು ಎಂದರೆ ಬಹುಶಃ ಡ್ಯಾಶ್‌ಬೋರ್ಡಿನ ಮೇಲಿನ ಪ್ಲಾಸ್ಟಿಕ್ ಗಣಪತಿ. ಅವನಾದರೂ ಈ ನಲವತ್ತು ವರ್ಷ ಕೈಕೊಟ್ಟವನಲ್ಲ.

ಘಟನೆಗೆ ಬರುತ್ತೇನೆ. ಮೇ ತಿಂಗಳು, ಧರ್ಮಸ್ಥಳದಿಂದ ಬೆಂಗಳೂರಿಗೆ ವಾಪಸು. ಬೆಳಿಗ್ಗೆ ದರ್ಶನ ಮುಗಿಸಿ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿಯ ಹಳೆಯ ಕಾರುಗಳನ್ನು ಮನಸಾರೆ ನೋಡಿದ್ದೆ. ಎಲ್ಲವೂ ಮದುವಣಗಿತ್ತಿಯರಂತೆ ಮಿರಮಿರ ಮಿಂಚುತ್ತಿದ್ದವು. ‘ನೋಡು, ಹಳೆಯ ಕಾರು ಅಂದರೆ ಹೀಗಿರಬೇಕು’ ಎಂದೆ ಹೆಂಡತಿಗೆ. ‘ಅವು ನಿಂತೇ ಇವೆ, ಅದಕ್ಕೇ ಚೆನ್ನಾಗಿವೆ’ ಎಂದಳು. ಆ ಮಾತಿನ ಶಕುನ ನನಗೆ ಅರ್ಥವಾಗಿದ್ದು ಎರಡು ಗಂಟೆ ತಡವಾಗಿ, ಗುಂಡ್ಯ ದಾಟಿ ಘಾಟಿ ಏರುತ್ತಿದ್ದಾಗ. ಮೊದಲು ಸಣ್ಣಗೆ ಮಿಸ್ ಹೊಡೆಯಿತು. ಆಮೇಲೆ ಸೈಲೆನ್ಸರಿನಿಂದ ‘ಢಂ’ ಎಂದು ಒಂದು ಗರ್ನಾಲು. ಹಿಂದಿನ ಸೀಟಿನಲ್ಲಿದ್ದ ಅತ್ತೆ ‘ಮಂಜುನಾಥಾ’ ಎಂದರು. ಇನ್ನೊಂದು ‘ಢಂ’. ಆಮೇಲೆ ಮೌನ. ಎಡಕ್ಕೆ ಕಾಡು, ಬಲಕ್ಕೆ ಲಾರಿಗಳ ಸಾಲು, ನಡುವೆ 1089 ಸಿಸಿಯ ಕಬ್ಬಿಣದ ಮುದ್ದೆ.

ಕೆಟ್ಟುನಿಂತ ಹಳೆಯ ಫಿಯೆಟ್ಟಿನ ಸುತ್ತ ಜನ ಸೇರುವ ವೇಗ ಹಬ್ಬದ ಸಂತೆಗೂ ಇಲ್ಲ. (ಕಂಪನಿ ಅದಕ್ಕೆ ಪದ್ಮಿನಿ ಎಂದು ಚಿತ್ತೂರಿನ ರಾಣಿಯ ಹೆಸರಿಟ್ಟು ಎಷ್ಟು ದಶಕವಾದರೂ ನಮ್ಮ ಕಡೆ ಅದು ಫಿಯೆಟ್ಟೇ.) ಮಂಗಳೂರು ಕಡೆಯ ಲಾರಿ ಚಾಲಕರೊಬ್ಬರು ಇಳಿದು ಬಂದು, ಬಾನೆಟ್ ಒಳಗೆ ಇಣುಕಿ, ಒಂದು ಕ್ಷಣವೂ ಅನುಮಾನಿಸದೆ ತೀರ್ಪು ಕೊಟ್ಟರು: ‘ಪೆಟ್ರೋಲ್ ಕುದ್ದಿದೆ ಮಾರಾಯ್ರೇ. ಏರ್‌ಲಾಕ್.’ ತಮ್ಮ ಹೆಗಲ ಮೇಲಿನ ಬೈರಾಸನ್ನೇ ನೀರಲ್ಲಿ ಅದ್ದಿ ಪೆಟ್ರೋಲ್ ಪಂಪಿಗೆ ಸುತ್ತಿದರು. ‘ಇಪ್ಪತ್ತು ನಿಮಿಷ ಬಿಡಿ.’ ಬಿಟ್ಟೆವು. ಇಪ್ಪತ್ತೈದನೇ ನಿಮಿಷಕ್ಕೆ ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಎಂಜಿನ್ ಎದ್ದು ಕೂತಿತು. ಚಪ್ಪಾಳೆ ಬಿತ್ತು. ಅವರು ಬೈರಾಸನ್ನು ಪಂಪಿನ ಮೇಲೇ ಬಿಟ್ಟು, ‘ಇರಲಿ, ನಿಮಗೆ ಬೇಕಾಗ್ತದೆ’ ಎಂದು ಲಾರಿ ಹತ್ತಿದರು.

ಆ ಚಾಲಕರ ಮೇಲೆ ನನಗೆ ಇವತ್ತಿಗೂ ಬೇಸರವಿಲ್ಲ. ಅವರು ಹೇಳಿದ್ದು ಸುಳ್ಳಲ್ಲ. ಪದ್ಮಿನಿಯ ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಬೇಸಿಗೆಯ ಏರಿನಲ್ಲಿ ಅದರೊಳಗಿನ ಪೆಟ್ರೋಲು ಆವಿಯಾಗಿ ಕಾರು ನಿಲ್ಲುವುದು ನಿಜವಾದ ಕಾಯಿಲೆಯೇ, ಒದ್ದೆ ಬಟ್ಟೆ ಅದಕ್ಕೆ ನಿಜವಾದ ಮದ್ದೇ. ಆದರೆ ಆ ಇಪ್ಪತ್ತೈದು ನಿಮಿಷದಲ್ಲಿ ತಣ್ಣಗಾದದ್ದು ಪಂಪೊಂದೇ ಅಲ್ಲ. ಅಲ್ಲೇ ಒಂದು ಗೇಣು ದೂರದಲ್ಲಿ ನೀವೂ ತಣ್ಣಗಾದಿರಿ. ಕಾಗೆ ಕೂತಿತು, ಕೊಂಬೆ ಮುರಿಯಿತು, ಕಾಗೆಗೆ ಹಾರ ಹಾಕಿದೆವು. ನೀವು ಕೆಳಗೆ ಕೂತು ಅದನ್ನೆಲ್ಲ ನೋಡುತ್ತ ಒಂದು ಮಾತೂ ಆಡಲಿಲ್ಲ.

ಆಮೇಲಿನ ಐದು ತಿಂಗಳ ಕತೆಯನ್ನು ಗಾದೆಯವರು ಮೊದಲೇ ಹೇಳಿಟ್ಟಿದ್ದಾರೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೊದಲ ಬರೆ ಬಿದ್ದದ್ದು ಕಾರ್ಬರೇಟರಿಗೆ. ಮೆಕ್ಯಾನಿಕ್ ಅದನ್ನು ಬಿಚ್ಚಿ, ಜೆಟ್ಟುಗಳನ್ನು ಬಾಯಲ್ಲಿ ಊದಿ, ಅಂಗೈ ಮೇಲೆ ಸಾಸಿವೆಕಾಳಿನಷ್ಟು ಕಸ ಇಟ್ಟು ಪ್ರಸಾದದ ಹಾಗೆ ನನಗೆ ತೋರಿಸಿದ. ‘ಕಚರಾ ಇತ್ತು ಸಾರ್.’ ಯಾವ ಕಾರ್ಬರೇಟರ್ ಬಿಚ್ಚಿದರೂ ಅಷ್ಟು ಕಸ ಸಿಗುತ್ತದೆ, ಯಾರ ಮನೆಯ ಬೀರು ಸರಿಸಿದರೂ ಒಂದು ಬಟನ್ ಸಿಗುವ ಹಾಗೆ. ಎರಡನೆಯವನು ಪಂಪಿನ ಒಳಗಿನ ಡಯಾಫ್ರಾಮ್ ಬದಲಿಸಿದ. ಈಗಿನ ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರೆ, ಹಳೆಯ ರಬ್ಬರು ತಿಂದುಹಾಕುತ್ತದೆ ಎಂದ. ಅದು ಹಳೆಯ ಕಾರಿನವರೆಲ್ಲ ನೆನಪಿಡಬೇಕಾದ ಮಾತೇ, ನನ್ನ ರಬ್ಬರ್ ಪೈಪುಗಳನ್ನೂ ಬದಲಿಸಿದ್ದು ಒಳ್ಳೆಯದೇ ಆಯಿತು. ಕಾರು ಮಾತ್ರ ಮುಂದಿನ ಭಾನುವಾರ ನೆಲಮಂಗಲದ ಟೋಲ್ ಹತ್ತಿರ ನಿಂತಿತು. ಮೂರನೆಯವನು ಎಲೆಕ್ಟ್ರಿಕ್ ಪಂಪ್ ಕೂರಿಸಿದ. ಅದು ಟಕಟಕ ಎಂದು ತಾಳ ಹಾಕುತ್ತಿದ್ದಂತೆಯೇ ಕಾರು ನಿಂತಿತು. ಪೆಟ್ರೋಲು ಮನೆಬಾಗಿಲಿಗೆ ಬಂದು ಬಡಿಯುತ್ತಿದೆ, ಒಳಗೆ ಒಲೆ ಹಚ್ಚುವವರಿಲ್ಲ.

ನಾಲ್ಕನೆಯವನು ಮೊದಲ ಬಾರಿಗೆ ನಿಮ್ಮ ಬೀದಿಗೆ ಬಂದ. ಇಗ್ನಿಷನ್ ಕಾಯಿಲ್ ಮುಟ್ಟಿ ಕೈ ಕೊಡವಿ, ‘ಕಾಯಿಲ್‌ಗೇ ಕಾಯಿಲೆ ಸಾರ್, ಎಷ್ಟು ಕಾದಿದೆ ನೋಡಿ’ ಎಂದ. ಕಾಯಿಲ್ ಕಾಯುವುದೇ ಅದರ ಕೆಲಸ. ಅರ್ಧ ಗಂಟೆ ಓಡಿದ ಮೇಲೆ ತಣ್ಣಗಿದ್ದರೆ ಆಗ ಹೆದರಬೇಕು. ಆದರೂ ಹೊಸ ಕಾಯಿಲ್ ಬಂತು. ಅದರ ಹಿಂದೆ ನಾಲ್ಕು ಪ್ಲಗ್ಗು, ಪ್ಲಗ್ಗಿನ ವೈರು, ಡಿಸ್ಟ್ರಿಬ್ಯೂಟರ್ ಕ್ಯಾಪು, ರೋಟರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಇಷ್ಟೆಲ್ಲ ಬದಲಿಸಿದರೂ ನಿಮ್ಮನ್ನು ಮಾತ್ರ ಬದಲಿಸಲಿಲ್ಲ. ‘ಕಂಡೆನ್ಸರ್?’ ಎಂದು ನಾನೇ ಒಮ್ಮೆ ಅಂಜುತ್ತ ಕೇಳಿದೆ. ‘ಅದು ಹೋಗಿದ್ರೆ ಗಾಡಿ ಸ್ಟಾರ್ಟೇ ಆಗಲ್ಲ ಸಾರ್’ ಎಂದು ನಕ್ಕ. ಮೈಸೂರಿನಲ್ಲಿರುವ ಅಳಿಯ ಸಾಫ್ಟ್‌ವೇರಿನವನು. ಅವನು ಫೋನಿನಲ್ಲಿ ‘ಎರರ್ ಕೋಡ್ ಏನು ಬಂತು ಮಾವ?’ ಎಂದ. ‘ಢಂ’ ಎಂದೆ.

ನಿಮ್ಮ ಕುತಂತ್ರ ಏನೆಂದರೆ, ಮಾನ್ಯರೇ, ಗ್ಯಾರೇಜಿನ ಬಾಗಿಲಿಗೆ ಬರುವ ಹೊತ್ತಿಗೆ ನೀವು ಗುಣವಾಗಿರುತ್ತಿದ್ದಿರಿ. ಡಾಕ್ಟರ ಹೊಸಿಲು ತುಳಿದ ಕೂಡಲೇ ಮಗುವಿನ ಜ್ವರ ಇಳಿಯುವ ಹಾಗೆ. ಅವರೆಲ್ಲ ಸೆಲ್ಫ್ ಹೊಡೆದರೆ ಕಾರು ಒಂದೇ ಏಟಿಗೆ ಎದ್ದು ‘ಏನಪ್ಪಾ?’ ಎನ್ನುತ್ತಿತ್ತು. ನಾಲ್ವರೂ ಚಿಕಿತ್ಸೆ ಕೊಟ್ಟದ್ದು ಆರೋಗ್ಯವಾಗಿದ್ದ ಕಾರಿಗೆ.

ಈಗ ನೀವು ಮಾಡಬೇಕಾದ ಕೆಲಸವಾದರೂ ಎಂಥದು ಎಂದು ಬರೆಯಬೇಕು. ಇಲ್ಲದಿದ್ದರೆ ಓದುಗರು ಇವನು ಬಡಪಾಯಿಯ ಮೇಲೆ ಹರಿಹಾಯುತ್ತಿದ್ದಾನೆ ಅಂದುಕೊಂಡಾರು.

ಕಾರಿನ ಬ್ಯಾಟರಿ 12 ವೋಲ್ಟು. ಪ್ಲಗ್ಗಿನ ಮೂತಿಯಲ್ಲಿ, ಒತ್ತಿ ತುಂಬಿದ ಪೆಟ್ರೋಲು-ಗಾಳಿಯ ನಡುವೆ ಕಿಡಿ ಹಾರಬೇಕಾದರೆ ಬೇಕಾದ್ದು ಹತ್ತು ಸಾವಿರ ವೋಲ್ಟಿಗೂ ಮೇಲೆ. ಈ ಅಂತರವನ್ನು ದಾಟಿಸಲು ಕಾಯಿಲ್‌ನಲ್ಲಿ ಎರಡು ಸುರುಳಿಗಳಿವೆ, ಒಂದು ದಪ್ಪ ತಂತಿಯದು, ಇನ್ನೊಂದು ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತಿನದು. ದಪ್ಪ ಸುರುಳಿಯಲ್ಲಿ ಬ್ಯಾಟರಿಯ ಕರೆಂಟು ಹರಿಯುತ್ತಿರುತ್ತದೆ. ಅದನ್ನು ಗಕ್ಕನೆ ಕತ್ತರಿಸಿದರೆ ಅದರ ಕಾಂತಶಕ್ತಿ ಕುಸಿದು ಸಣ್ಣ ಸುರುಳಿಯಲ್ಲಿ ಸಾವಿರಗಟ್ಟಲೆ ವೋಲ್ಟು ಏಳುತ್ತದೆ. ಇಡೀ ಗುಟ್ಟು ಆ ‘ಗಕ್ಕನೆ’ಯಲ್ಲಿದೆ. ಕತ್ತರಿಸುವ ಕೆಲಸ ಪಾಯಿಂಟುಗಳದು. ಡಿಸ್ಟ್ರಿಬ್ಯೂಟರಿನ ಒಳಗೆ ತುಟಿಗಳ ಹಾಗೆ ತೆರೆದು ಮುಚ್ಚುವ ಎರಡು ಗುಂಡಿಗಳು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಾಯಿಂಟು ಸೆಕೆಂಡಿಗೆ ನೂರು ಸಲ ತೆರೆಯಬೇಕು. ಅದೇ ವೇಗದಲ್ಲಿ ಮೂರು ಗಂಟೆ, ಅಂದರೆ ನನ್ನ ಲೆಕ್ಕದಲ್ಲಿ ಒಂದು ಬೆಂಗಳೂರು-ಮೈಸೂರು. ಅಷ್ಟಕ್ಕೇ ಹತ್ತು ಲಕ್ಷ ಎಂಬತ್ತು ಸಾವಿರ ಸಲ.

ಆದರೆ ಹರಿಯುತ್ತಿರುವ ಕರೆಂಟಿಗೆ ನಿಲ್ಲು ಎಂದರೆ ನಿಲ್ಲುವ ಬುದ್ಧಿಯಿಲ್ಲ. ಬಸ್ಸು ಬ್ರೇಕ್ ಹಾಕಿದಾಗ ಕಂಬಿ ಹಿಡಿಯದೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೆ ಪಾಯಿಂಟು ತೆರೆದ ಗಳಿಗೆಯಲ್ಲಿ ಅದು ಆ ಸಣ್ಣ ಸಂದಿಯನ್ನೂ ಹಾರಿ ದಾಟಲು ನೋಡುತ್ತದೆ. ಆಗ ಪಕ್ಕದಲ್ಲಿ ನಿಂತ ನೀವು ‘ಬನ್ನಿ, ಇಲ್ಲಿ ಒಂದು ಗಳಿಗೆ ಕೂತಿರಿ’ ಎಂದು ಜಾಗ ಕೊಡಬೇಕು. ನಿಮ್ಮ ಸಾಮರ್ಥ್ಯ ಒಂದು ಮೈಕ್ರೋಫ್ಯಾರಡ್‌ನ ಕಾಲು ಭಾಗದ ಆಸುಪಾಸು. ಅಷ್ಟೇ ಜಾಗ ಸಾಕು. ಅಷ್ಟರಲ್ಲಿ ಪಾಯಿಂಟು ಪೂರ್ತಿ ತೆರೆದಿರುತ್ತದೆ, ಕರೆಂಟು ಗಕ್ಕನೆ ನಿಂತಿರುತ್ತದೆ, ಪ್ಲಗ್ಗಿನಲ್ಲಿ ನೀಲಿ ಕಿಡಿ ಹಾರಿರುತ್ತದೆ. ನೀವು ಜಾಗ ಕೊಡದಿದ್ದರೆ? ಪ್ಲಗ್ಗಿನಲ್ಲಿ ಹಾರಬೇಕಾದ ಕಿಡಿ ಪಾಯಿಂಟಿನಲ್ಲೇ ಹಾರುತ್ತದೆ. ಕರೆಂಟು ತುಂಡಾಗುವ ಬದಲು ನಿಧಾನವಾಗಿ ಹರಿದು ಸಾಯುತ್ತದೆ. ಪ್ಲಗ್ಗಿಗೆ ತಲುಪುವುದು ಬಡಕಲು ಹಳದಿ ಕಿಡಿ. ಸುಡದೆ ಉಳಿದ ಪೆಟ್ರೋಲು ಬಿಸಿ ಸೈಲೆನ್ಸರಿಗೆ ಹೋಗಿ ಅಲ್ಲಿ ಹೊತ್ತಿಕೊಂಡು ನಮ್ಮ ಅತ್ತೆಯಿಂದ ದೇವರನ್ನು ಕೂಗಿಸುತ್ತದೆ.

ನಿಮಗೆ ವಯಸ್ಸಾಗಿ ಒಳಗಿನ ಕಾಗದ ಸೋರಿದಾಗ ಕಾವೇರಿದಂತೆ ಈ ರೋಗ ಏರುತ್ತದೆ, ತಣಿದಂತೆ ಇಳಿಯುತ್ತದೆ. ‘ಹೋಗಿದ್ರೆ ಸ್ಟಾರ್ಟೇ ಆಗಲ್ಲ’ ಎಂದ ನಾಲ್ಕನೆಯವನ ಮಾತು ಅರ್ಧ ಸತ್ಯ. ಪೂರಾ ಹೋದರೆ ಆಗುವುದಿಲ್ಲ, ನಿಮ್ಮ ಹಾಗೆ ಅರ್ಧ ಹೋಗುವ ಕಲೆ ಬೇರೆ.

ಕಾಯಿಲ್, ಪಾಯಿಂಟು, ಕಂಡೆನ್ಸರಿನ ಈ ಏರ್ಪಾಡನ್ನು ಕಾರಿಗೆ ತಂದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1910ರ ಹೊತ್ತಿಗೆ ಅದು ಕ್ಯಾಡಿಲಾಕ್ ಕಾರಿನಲ್ಲಿತ್ತು, 1912ರಲ್ಲಿ ಅವರದೇ ಎಲೆಕ್ಟ್ರಿಕ್ ಸ್ಟಾರ್ಟರ್ ಅದರ ಜೊತೆಗೂಡಿತು. ಅದಕ್ಕೂ ಮೊದಲು ಕಿಡಿಯ ಒಡೆತನ ಹೆಚ್ಚಾಗಿ, ಬ್ಯಾಟರಿಯ ಹಂಗಿಲ್ಲದೆ ಕಾಂತದಿಂದಲೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ್ದು. 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೋ ಮಾಡಿದ ಗಾಟ್‌ಲಾಬ್ ಹೊನೋಲ್ಡ್ ಅವರೇ 1918ರಲ್ಲಿ ಬಾಷ್ ಕಂಪನಿಗೆ ಲಾಂಛನ ಬರೆದುಕೊಟ್ಟರು: ವೃತ್ತದ ಒಳಗೊಂದು ಮ್ಯಾಗ್ನೆಟೋ ಆರ್ಮೆಚರ್. ಆಡುಗೋಡಿಯ ಕಡೆ ಓಡಾಡಿದವರು ಆ ಚಿತ್ರವನ್ನು ಸಾವಿರ ಸಲ ನೋಡಿರುತ್ತಾರೆ. ಬಾಷ್‌ನ ಇಲ್ಲಿಯ ಕಂಪನಿಯ ಹಳೆಯ ಹೆಸರು ಮೈಕೊ. ಈಗ ಬೆಂಗಳೂರಿನವರಿಗೆ ಮೈಕೊ ಎಂದರೆ ಒಂದು ಬಡಾವಣೆ, ಒಂದು ಬಸ್ ಸ್ಟಾಪು. ನಮ್ಮಪ್ಪನಿಗೆ ಅದು ಪ್ಲಗ್ಗಿನ ಹೆಸರು. ‘ನಮ್ಮೂರ ಪ್ಲಗ್ಗು’ ಎಂದು ಹೆಮ್ಮೆಯಿಂದ ತಿರುಗಿಸಿ ತಿರುಗಿಸಿ ಕೂರಿಸುತ್ತಿದ್ದರು. ಹೀಗೆ ಕಿಡಿಯ ಇತಿಹಾಸದಲ್ಲಿ ಕಾಯಿಲ್‌ಗೆ ಹೆಸರಿದೆ, ಪ್ಲಗ್ಗಿಗೆ ಊರಿದೆ, ಮ್ಯಾಗ್ನೆಟೋಗೆ ಲಾಂಛನವೇ ಇದೆ. ನಿಮಗೆ ಏನೂ ಇಲ್ಲ. ಆ ಹೊಟ್ಟೆಕಿಚ್ಚೇ ನಿಮ್ಮನ್ನು ಹಾಗೆ ಮಾಡಿಸಿತೋ ಏನೋ.

ನೀವು ಸಿಕ್ಕಿಬಿದ್ದದ್ದು ಕಲಾಸಿಪಾಳ್ಯದ ಹಿಂದಿನ ಗಲ್ಲಿಯಲ್ಲಿ. ಅಲ್ಲಿ ಒಬ್ಬರು ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್. ಅಂಗಡಿ ಎಂದರೆ ಒಂದು ಮರದ ಪೆಟ್ಟಿಗೆ, ಒಂದು ಸ್ಟೂಲು. ನಾನು ಏಳೂ ಬಿಲ್ಲು ತೆಗೆದು ಪುರಾಣ ಶುರುಮಾಡಿದೆ. ಅವರು ಬಿಲ್ಲು ನೋಡಲಿಲ್ಲ. ‘ಈಗ ಚೆನ್ನಾಗಿ ಓಡ್ತಿದೆಯಾ?’ ಎಂದರು. ಹೌದು ಎಂದೆ. ‘ಹಾಗಾದ್ರೆ ಈಗ ನೋಡಿ ಏನು ಪ್ರಯೋಜನ? ಬಾನೆಟ್ ಮುಚ್ಚಿ ಎಂಜಿನ್ ಆನ್ ಮಾಡಿ ಬಿಡಿ. ಬನ್ನಿ, ಟೀ ಕುಡಿಯೋಣ.’ ಐದು ತಿಂಗಳಲ್ಲಿ ಕಾರನ್ನು ಕೆಡಲು ಬಿಟ್ಟ ಮೊದಲ ಮನುಷ್ಯ.

ಎರಡು ಟೀ, ಒಂದು ಬನ್ನು ಮುಗಿಯುವ ಹೊತ್ತಿಗೆ ಎಂಜಿನ್ ಕೆಮ್ಮಿತು, ನಡುಗಿತು, ನಿಂತಿತು. ನಾನು ದುಃಖಪಡಬೇಕಾದವನು ಎದ್ದು ನಿಂತು ಕುಣಿಯುವುದೊಂದು ಬಾಕಿ. ಅವರು ಅವಸರವಿಲ್ಲದೆ ಲೋಟ ಕೆಳಗಿಟ್ಟು ಬಂದರು. ಮೊದಲು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ದಪ್ಪ ವೈರನ್ನು ಕಿತ್ತು, ಪ್ಲಾಸ್ಟಿಕ್ ಹಿಡಿಯ ಪ್ಲೇಯರಿನಲ್ಲಿ ಹಿಡಿದು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಒಂದು ಕಾಲಂಗುಲ ದೂರ ಇಟ್ಟು, ‘ಸೆಲ್ಫ್ ಹೊಡೀರಿ’ ಎಂದರು. ಕಿಡಿ ಬಂತು. ಆದರೆ ಬೆಂಕಿಕಡ್ಡಿಯ ಕೊನೆಯುಸಿರಿನ ಹಾಗೆ, ಹಳದಿ, ತೆಳ್ಳಗೆ. ‘ಪೆಟ್ರೋಲಿನ ಕತೆ ಇಲ್ಲಿಗೆ ಮುಗೀತು’ ಎಂದರು. ಅರ್ಧ ನಿಮಿಷ. ಕಾರ್ಬರೇಟರು, ಪಂಪು, ಎಥೆನಾಲು, ಬೈರಾಸು ಎಲ್ಲವೂ ಆ ಅರ್ಧ ನಿಮಿಷದಲ್ಲಿ ನಿರ್ದೋಷಿಗಳಾಗಿ ಬಿಡುಗಡೆಯಾದವು.

ಆಮೇಲೆ ಕ್ಯಾಪ್ ತೆಗೆದರು. ಒಳಗೆ ಪೆನ್ಸಿಲ್ ಗೆರೆಯಂಥ ಕರಿ ಗೆರೆ ಬಿದ್ದಿದೆಯೇ ಎಂದು ನೋಡಿದರು. ಬಿರುಕಿನಲ್ಲಿ ಕರೆಂಟು ಹರಿದರೆ ಹಾಗೆ ಗೆರೆ ಬೀಳುತ್ತದಂತೆ, ಮಳೆಗಾಲದ ಮಿಸ್ಸಿಂಗಿಗೆ ಬಹಳ ಸಲ ಅದೇ ಕಾರಣವಂತೆ. ಗೆರೆ ಇರಲಿಲ್ಲ. ಒಳಗಿನ ಸಣ್ಣ ವೈರನ್ನು ಉಗುರಿನಿಂದ ಮೆಲ್ಲಗೆ ಎಳೆದು ನೋಡಿದರು, ಹೊದಿಕೆ ಸರಿಯಿದ್ದೂ ಒಳಗೆ ತುಂಡಾಗಿರುವುದುಂಟು. ಅದೂ ಸರಿ. ಇಗ್ನಿಷನ್ ಆನ್ ಇಟ್ಟು ಸ್ಕ್ರೂಡ್ರೈವರಿನ ತುದಿಯಿಂದ ಪಾಯಿಂಟು ತೆರೆದರು. ಚಟಾರ್ ಎಂದು ಬೆಳ್ಳನೆಯ ನೀಲಿ ಬೆಳಕು, ವೆಲ್ಡಿಂಗ್ ಮಾಡಿದ ಹಾಗೆ. ‘ಇಲ್ಲಿ ಇಷ್ಟು ದೀಪಾವಳಿ ಇದ್ದರೆ ಪ್ಲಗ್ಗಿಗೆ ಏನು ಉಳಿಯುತ್ತೆ?’ ಎಂದರು. ಪಾಯಿಂಟು ಬಿಚ್ಚಿ, ಗಡಿಯಾರ ರಿಪೇರಿಯವರ ಮಸೂರ ಕೊಟ್ಟು ನೋಡಲು ಹೇಳಿದರು. ಬರಿಗಣ್ಣಿಗೆ ಕಪ್ಪು ಚುಕ್ಕೆ. ಮಸೂರದಲ್ಲಿ ಒಂದು ಗುಂಡಿಯ ಮೇಲೆ ಬೂದು ಬಣ್ಣದ ಪುಟ್ಟ ಹುತ್ತ, ಎದುರಿನ ಗುಂಡಿಯಲ್ಲಿ ಆ ಹುತ್ತ ಸರಿಯಾಗಿ ಕೂರುವಂಥ ಗುಳಿ. ಒಂದರ ಲೋಹ ಕಿಡಿಕಿಡಿಯಾಗಿ ಹಾರಿ ಇನ್ನೊಂದರ ಮೇಲೆ ಬೆಳೆದಿತ್ತು. ನಿಮ್ಮ ಐದು ತಿಂಗಳ ಸೇವಾ ದಾಖಲೆ ಅದು. ನಾಲ್ವರು ಮೆಕ್ಯಾನಿಕ್‌ಗಳಲ್ಲಿ ಒಬ್ಬನೂ ‘ಪಾಯಿಂಟಿ’ಗೆ ಬಂದಿರಲಿಲ್ಲ.

ಪೆಟ್ಟಿಗೆಯಿಂದ ಇನ್ನೊಬ್ಬ ಕಂಡೆನ್ಸರನ್ನು ತೆಗೆದು, ನಿಮ್ಮ ವೈರು ಬೇರ್ಪಡಿಸಿ, ಸ್ಕ್ರೂ ಕೂಡ ಹಾಕದೆ ಎರಡು ಕ್ಲಿಪ್ಪಿನಲ್ಲಿ ಅವರನ್ನು ಸಿಕ್ಕಿಸಿದರು. ಈಗ ದಪ್ಪ ವೈರಿನ ತುದಿಯಿಂದ ನೀಲಿ ಕಿಡಿ, ಲಟಿಕೆ ಮುರಿದ ಸದ್ದಿನೊಂದಿಗೆ. ಹೊಸ ಪಾಯಿಂಟು ಹಾಕುವಾಗ ಸಂದಿ ಅಳೆಯಲು ಅವರು ಫೀಲರ್ ಗೇಜ್ ತೆಗೆಯಲಿಲ್ಲ. ಒಂದು ಮದುವೆ ಆಮಂತ್ರಣ ಪತ್ರಿಕೆಯ ತುಂಡು ತೆಗೆದರು. ಅದರ ಮೇಲೆ ಬಂಗಾರದ ಅಕ್ಷರದಲ್ಲಿ ‘ಚಿ. ಸೌ.’ ಎಂದು ಮಾತ್ರ ಉಳಿದಿತ್ತು, ವಧುವಿನ ಹೆಸರು ಯಾವ ಕಾರಿನ ಪಾಲಾಯಿತೋ. ನಾನು ಮನೆಗೆ ಬಂದು ಗೇಜ್ ಹಾಕಿ ನೋಡಿದೆ. 0.45 ಮಿಲಿಮೀಟರ್ ಬಿಗಿಯಾಗಿ ಜಾರಿತು. ಹೇಳಲು ಮಾತಿರಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನಿಮ್ಮೊಬ್ಬರ ಮೇಲಿನ ಸಿಟ್ಟು ನಿಮ್ಮ ಕುಲದ ಮೇಲೆ ತಿರುಗಿದ್ದು ಆಮೇಲೆ. ಹಿರಿಯರು ಸಿಕ್ಕಿಸಿದ್ದು ಪರೀಕ್ಷೆಯ ತುಂಡು, ಅದನ್ನು ಅವರು ಮಾರುವುದಿಲ್ಲ. ‘ಜೆ.ಸಿ. ರಸ್ತೆಯಲ್ಲಿ ಹೊಸದು ತಗೊಳ್ಳಿ. ಎರಡು ತಗೊಳ್ಳಿ’ ಎಂದರು. ಯಾಕೆ ಎರಡು ಎಂದು ಹೊಳೆಯಲಿಲ್ಲ. ಹೊಳಪಿನ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮೊದಲನೆಯ ಹೊಸಬರು ಹನ್ನೊಂದನೇ ದಿನ ತುಮಕೂರು ರಸ್ತೆಯಲ್ಲಿ ಕಣ್ಣು ಮುಚ್ಚಿದರು. ಎರಡನೆಯವರು ಮೂರು ವಾರ ಬದುಕಿ ಅಷ್ಟರ ಮಟ್ಟಿಗೆ ವಂಶದ ಮಾನ ಉಳಿಸಿದರು. ಶಿವಾಜಿನಗರದ ಗುಜರಿಯಲ್ಲಿ ಯಾವುದೋ ಸತ್ತ ಫಿಯೆಟ್ಟಿನಿಂದ ಬಿಚ್ಚಿ ತಂದ, ತುಕ್ಕು ಹಿಡಿದ ಮೂರನೆಯವರು ಮೂರು ತಿಂಗಳು ಗೊಣಗದೆ ದುಡಿದರು. ಹಳೆಯ ಕಾರಿನವರು ಹೊಸ ಬಿಡಿಭಾಗದ ಬಗ್ಗೆ ಗೊಣಗುವುದನ್ನು ಮುದುಕರ ಚಪಲ ಎಂದುಕೊಂಡಿದ್ದೆ. ಈಗ ನಾನೂ ಆ ಭಜನಾ ಮಂಡಳಿಯ ಸದಸ್ಯ. ಕಂಪನಿಯೇ ಇಲ್ಲದ ಕಾರಿಗೆ ಯಾರೋ ಎಲ್ಲೋ ಮಾಡುವ ಭಾಗ. ಪೊಟ್ಟಣದ ಮೇಲಿನ ಹೆಸರಿಗೂ ಒಳಗಿನ ಕಾಗದಕ್ಕೂ ಸಂಬಂಧ ಇರಬೇಕೆಂದು ಕಾನೂನು ಹೇಳಿದರೂ ಕೇಳುವವರಿಲ್ಲ.

ಕಾನೂನು ಎಂದಾಗ ನೆನಪಾಯಿತು. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು ‘ವಿಂಟೇಜ್’. ನನ್ನದು 1984ರದ್ದು. ಹಾಗಾಗಿ ಅದು ವಿಂಟೇಜ್ ಅಲ್ಲ, ಬರೀ ಹಳತು. ಹಸಿರು ತೆರಿಗೆ ಕಟ್ಟುವಷ್ಟು ಹಳತು, ಗೌರವ ಸಿಗುವಷ್ಟು ಹಳತಲ್ಲ. ಈ ಸ್ಥಿತಿ ನನ್ನ ವಯಸ್ಸಿನವರಿಗೆ ವಿವರಿಸಬೇಕಾಗಿಲ್ಲ.

ಅಳಿಯ ಪಾಯಿಂಟೇ ಇಲ್ಲದ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ ಎಂದು ಕಾಡಿದ. ಅವನದು ನ್ಯಾಯವಾದ ಮಾತು; ಕಾಂತ, ಸೆನ್ಸರ್, ಸವೆಯುವುದು ಏನೂ ಇಲ್ಲ, ಹಾಕಿಸಿಕೊಂಡವರು ನೆಮ್ಮದಿಯಾಗಿದ್ದಾರೆ. ‘ಅದು ಕೆಟ್ಟರೆ ಘಾಟಿಯಲ್ಲಿ ರಿಪೇರಿ ಆಗಲ್ಲ’ ಎಂದು ವಾದಿಸಿದೆ. ‘ಇದು ಆಯ್ತಾ?’ ಎಂದ. ಸುಮ್ಮನಾದೆ. ಆದರೂ ಹಾಕಿಸಲಿಲ್ಲ. ಕಾರಣ ಹೇಳಿದರೆ ನಗುತ್ತೀರಿ: ಆ ಹಿರಿಯರ ಮಸೂರದಲ್ಲಿ ಹುತ್ತ ನೋಡಿದ ಮೇಲೆ, ಕಣ್ಣಿಗೆ ಕಾಣುವಂತೆ ಕೆಡುವ ವಸ್ತುವಿನ ಮೇಲೆ ನನಗೊಂದು ಬಗೆಯ ಮೋಹ ಹುಟ್ಟಿದೆ.

ಬದಲಿಗೆ ಎಸ್.ಪಿ. ರಸ್ತೆಗೆ ಹೋದೆ. ರೇಡಿಯೋ, ಆಂಪ್ಲಿಫೈಯರ್ ರಿಪೇರಿಯವರು ಬಿಡಿಭಾಗ ಕೊಳ್ಳುವ ಅಂಗಡಿಯಲ್ಲಿ 0.22 ಮೈಕ್ರೋಫ್ಯಾರಡ್, 1000 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಕೊಡಿ ಎಂದೆ. ಕೆಲಸದಲ್ಲಿ ಅದು ನಿಮ್ಮ ತಮ್ಮನೇ. ಕಾಗದದ ಬದಲು ಪ್ಲಾಸ್ಟಿಕ್ ಪೊರೆ, ತಗಡಿನ ಅಂಗಿ ಇಲ್ಲ. ‘ಯಾವ ಆಂಪ್ಲಿಫೈಯರಿಗೆ ಸಾರ್?’ ಎಂದ ಹುಡುಗ. ‘ಪ್ರೀಮಿಯರ್ ಪದ್ಮಿನಿ’ ಎಂದೆ. ‘ಆ ಬ್ರ್ಯಾಂಡ್ ಕೇಳಿಲ್ಲ’ ಎಂದ. ಕೊಟ್ಟ ನೋಟಿಗೆ ಬಂದ ಚಿಲ್ಲರೆಯೇ ವಸ್ತುವಿಗಿಂತ ಭಾರವಾಗಿತ್ತು. ಕಾಲುಗಳಿಗೆ ಎರಡು ವೈರು ಬೆಸುಗೆ ಹಾಕಿ, ಒಂದನ್ನು ಕಾಯಿಲ್‌ನಿಂದ ಪಾಯಿಂಟಿಗೆ ಬರುವ ಟರ್ಮಿನಲ್ಲಿಗೆ, ಇನ್ನೊಂದನ್ನು ಬಾಡಿಗೆ ಕೊಟ್ಟು, ಎಂಜಿನ್ನಿನ ಕಾವಿನಿಂದ ದೂರ ಟೇಪಿನಲ್ಲಿ ಸುತ್ತಿ ಇಟ್ಟೆ. ಹದಿನಾಲ್ಕು ತಿಂಗಳಾಯಿತು. ಪಾಯಿಂಟು ಕನ್ನಡಿಯಂತಿದೆ. ಶಿರಾಡಿಯನ್ನು ಎರಡು ಸಲ ಏರಿದ್ದೇನೆ, ಒಂದು ಸಲ ಮೇ ತಿಂಗಳಿನಲ್ಲೇ, ಅತ್ತೆಯವರನ್ನು ಕೂರಿಸಿಕೊಂಡೇ.

ಆದ ಕಾರಣ ತಮ್ಮನ್ನು ಈ ಮೂಲಕ ಸೇವೆಯಿಂದ ಬಿಡುಗಡೆಗೊಳಿಸಲಾಗಿದೆ. ಪಿಂಚಣಿ ಇರುವುದಿಲ್ಲ. ಗುಜರಿಯಿಂದ ಬಂದ ಮೂರನೆಯವರು ಮಾತ್ರ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ, ಕಿಡಿ ನೋಡಲು ಇಟ್ಟ ಪ್ಲೇಯರಿನ ಪಕ್ಕದಲ್ಲಿ, ಆಪತ್ಕಾಲಕ್ಕೆಂದು ಇದ್ದಾರೆ.

ಇಂತಿ ತಮ್ಮ ಮಾಜಿ ವಿಶ್ವಾಸಿ,
ಪದ್ಮಿನಿಯ ಯಜಮಾನ, ಬೆಂಗಳೂರು.

ಪ್ರತಿ: ಮೂರು ಸಲ ವಿನಾಕಾರಣ ಬಿಚ್ಚಿಸಿಕೊಂಡ ಕಾರ್ಬರೇಟರ್ ಅವರಿಗೆ, ಕ್ಷಮಾಪಣೆಯೊಂದಿಗೆ.

ಮತ್ತೊಂದು ಪ್ರತಿ: ಆ ದಿನ ಶಿರಾಡಿಯಲ್ಲಿ ಲಾರಿ ನಿಲ್ಲಿಸಿದ ಚಾಲಕರಿಗೆ. ತಮ್ಮ ಬೈರಾಸು ಒಗೆದು ಇಸ್ತ್ರಿ ಮಾಡಿ ಕಾರಿನ ಡಿಕ್ಕಿಯಲ್ಲಿಟ್ಟಿದ್ದೇನೆ. ಘಾಟಿಯಲ್ಲಿ ಹಾಲುಬಣ್ಣದ ಫಿಯೆಟ್ಟು ಕಂಡರೆ ಕೈ ಮಾಡಿ. ಈ ಸಲ ನಾನಾಗಿಯೇ ನಿಲ್ಲಿಸುತ್ತೇನೆ.